ಚಿತ್ರ ತೋರಿಸಿ ಇಂಗ್ಲಿಷ್ ಶಬ್ದ ಕಲಿಸುವುದು ಹೇಗೆ: ಮನೆಪಾಠ ಹೇಳುವವರಿಗೊಂದು ಸಮಗ್ರ ಮಾರ್ಗದರ್ಶಿ

ನಮ್ಮ ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯ ಆರೇಳು ವರ್ಷದ ಮಗುವಿಗೆ ಇಂಗ್ಲಿಷ್ ಒಂದಕ್ಷರವೂ ಬರುವುದಿಲ್ಲ ಎನ್ನುವವರು ಒಂದು ದಿನ ಅದರ ಮಾತಿಗೆ ಕಿವಿಗೊಡಬೇಕು. ‘ಫ್ಯಾನ್ ಹಚ್ಚು’, ‘ಬಕೆಟ್ ತುಂಬೈತಿ’, ‘ಟ್ರ್ಯಾಕ್ಟರ್ ಪಂಚರ್ ಆಗೈತಿ’, ‘ಚಾರ್ಜರ್ ಎಲ್ಲೈತಿ?’ ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವರ ಮನೆಯ ಮಗುವಾದರೆ ಬಟನ್, ಜಿಪ್ಪು, ಕಾಲರ್, ಪಾಕೀಟು ಎಲ್ಲವೂ ಅದರ ಬಾಯಲ್ಲಿವೆ. ಇವೆಲ್ಲ ಇಂಗ್ಲಿಷ್ ಎಂಬುದು ಮಾತ್ರ ಮಗುವಿಗೆ ಗೊತ್ತಿಲ್ಲ. ಪಾಠ ಇಲ್ಲಿಂದ ಶುರುವಾದರೆ ಅರ್ಧ ದಾರಿ ಮೊದಲ ದಿನವೇ ಸವೆಯುತ್ತದೆ. ಅಂಗಡಿಯಿಂದ ತಂದ ಚಾರ್ಟಿನ ‘ಐ ಫಾರ್ ಇಗ್ಲೂ’, ‘ವೈ ಫಾರ್ ಯಾಕ್’ನಿಂದ ಶುರುಮಾಡಿದರೆ ಮೊದಲು ಹಿಮ ಎಂದರೇನು ಎಂದು ಹೇಳಿಕೊಡಬೇಕಾಗುತ್ತದೆ. ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ ಕೂತ ಮಗುವಿಗೆ ಅದು ಎರಡು ಪಾಠ, ಒಂದಲ್ಲ.

ಈ ಮಾರ್ಗದರ್ಶಿ ಐದರಿಂದ ಒಂಬತ್ತು ವರ್ಷದ ಒಂದೆರಡು ಮಕ್ಕಳನ್ನು ಕೂರಿಸಿಕೊಂಡು ಪಾಠ ಹೇಳುವ ಅಕ್ಕ, ಅಣ್ಣ, ತಾಯಂದಿರಿಗಾಗಿ.

ಮೊದಲು ಮಗುವಿನ ಗಂಟು ಬಿಚ್ಚಿ ನೋಡಿ

ಮೊದಲ ದಿನ ಏನನ್ನೂ ಕಲಿಸಬೇಡಿ. ಸುಮಾರು 40 ಚಿತ್ರ ಇಟ್ಟುಕೊಂಡು ಒಂದೊಂದಾಗಿ ತೋರಿಸಿ, ‘ಇದಕ್ಕೇನಂತಾರ?’ ಎಂದಷ್ಟೇ ಕೇಳಿ. ಯಾವ ಭಾಷೆಯಲ್ಲಿ ಹೇಳಿದರೂ ಸರಿ. ಕಾರ್ಡುಗಳು ಮೂರು ಗುಂಪಾಗುತ್ತವೆ: ಇಂಗ್ಲಿಷ್ ಶಬ್ದವನ್ನೇ ಹೇಳಿದ್ದು (ಬಸ್ಸು, ಪೆನ್ನು), ಮನೆಮಾತಿನ ಹೆಸರು ಹೇಳಿದ್ದು (ನಳ, ಹಗ್ಗ, ಎಮ್ಮಿ), ಚಿತ್ರವೇ ಗೊತ್ತಾಗದೆ ಸುಮ್ಮನಾದದ್ದು. ಮೂರನೇ ಗುಂಪನ್ನು ಎತ್ತಿ ಬದಿಗಿಡಿ. ವಸ್ತುವಿನ ಗುರುತೇ ಇಲ್ಲದ ಕಡೆ ಶಬ್ದ ಅಂಟುವುದಿಲ್ಲ. ಶುರುವಿಗೆ ಮೊದಲಿನೆರಡು ಗುಂಪು ಧಾರಾಳ ಸಾಕು.

ಬಳ್ಳಾರಿ ಪೇಟೆಯಲ್ಲಿ ತೆಲುಗು, ರಾಯಚೂರಿನಲ್ಲಿ ತೆಲುಗು ಮತ್ತು ಉರ್ದು, ತಾಂಡಾಗಳಲ್ಲಿ ಲಂಬಾಣಿ ಮನೆಮಾತಿನ ಮಕ್ಕಳು ನಿಮ್ಮ ಮುಂದೆ ಕೂರುತ್ತಾರೆ. ಕನ್ನಡದ ಮೂಲಕ ಇಂಗ್ಲಿಷ್ ಹೇಳಿಕೊಟ್ಟರೆ ಇವರಿಗೆ ಎರಡು ಹೊಳೆ ದಾಟಿದಂತೆ. ಚಿತ್ರಕ್ಕೆ ಆ ತೊಡಕಿಲ್ಲ. ನಳದ ಚಿತ್ರ ಎಲ್ಲ ಮನೆಯಲ್ಲೂ ನಳವೇ.

ಎಂಥ ಚಿತ್ರ?

ಹೆಚ್ಚಿನ ಪಾಠಗಳು ಕೆಡುವುದು ಇಲ್ಲಿ. ಮರದ ಕೆಳಗೆ ಹುಲ್ಲು ಮೇಯುತ್ತಿರುವ ಆಕಳ ಚಂದದ ಫೋಟೊ ತೋರಿಸಿ ‘ಕೌ’ ಎಂದರೆ, ಮಗುವಿನ ತಲೆಯಲ್ಲಿ ‘ಕೌ’ ಎಂಬುದು ಹುಲ್ಲೂ ಆಗಬಹುದು, ಹಸಿರೂ ಆಗಬಹುದು, ಮೇಯುವುದೂ ಆಗಬಹುದು. ಬಿಳಿ ಹಾಳೆಯ ಮೇಲೆ ಆಕಳೊಂದೇ ಇರಬೇಕು, ಮೂರು ಮಾರು ದೂರದಿಂದ ಕಾಣುವಷ್ಟು ದಪ್ಪ ಗೆರೆಯಲ್ಲಿ. ಚಿತ್ರ ಚಂದ ಇರಬೇಕಿಲ್ಲ, ಗುರುತು ಸಿಗಬೇಕು. ನೀವೇ ಮಾರ್ಕರಿನಲ್ಲಿ ಬರೆದ ಸೊಟ್ಟ ಆಕಳು ಎಷ್ಟೋ ಸಲ ಫೋಟೊಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ, ಕೋಡು ಕೆಚ್ಚಲು ಎದ್ದು ಕಂಡರಾಯಿತು.

ಇಂಟರ್‌ನೆಟ್ಟಿನಿಂದ ಚಿತ್ರ ಇಳಿಸಿಕೊಳ್ಳುವಾಗ ಎಚ್ಚರ. ಬಸ್ಸು ಎಂದು ಹುಡುಕಿದರೆ ಅಮೆರಿಕದ ಹಳದಿ ಶಾಲಾ ಬಸ್ಸು ಬರುತ್ತದೆ, ಮನೆ ಎಂದರೆ ಹೊಗೆಗೂಡಿನ ಇಳಿಜಾರು ಮಾಡು. ನಮ್ಮ ಮಗುವಿಗೆ ಮನೆ ಎಂದರೆ ಮಾಳಿಗೆ, ಇಲ್ಲವೇ ಆರ್‌ಸಿಸಿ. ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸನ್ನು ನಿಲ್ದಾಣದಲ್ಲಿ ಪಕ್ಕದಿಂದ ಫೋನಿನಲ್ಲಿ ಹೊಡೆದು, ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ, ಕತ್ತರಿಸಿ ಅಂಟಿಸಿ. ಕೊಪ್ಪಳದವರಿಗೆ ಇನ್ನೊಂದು ಅನುಕೂಲವಿದೆ: ಕಿನ್ನಾಳದ ಮರದ ಗೊಂಬೆ ಮನೆಯಲ್ಲಿದ್ದರೆ ಪ್ರಾಣಿಗಳ ಪಾಠಕ್ಕೆ ಚಿತ್ರದ ಜೊತೆ ಅದನ್ನೂ ಇಡಬಹುದು.

ಒಂದು ಶಬ್ದಕ್ಕೆ ಒಂದೇ ಚಿತ್ರ ಸಾಲದು. ಕರಿ ಮೇಕೆ ಒಂದನ್ನೇ ತೋರಿಸಿದರೆ ಬಿಳಿ ಮೇಕೆ ಎದುರಾದಾಗ ಮಗು ‘ಗೋಟ್’ ಎನ್ನುವುದಿಲ್ಲ. ಮೂರು ಬೇರೆ ಬೇರೆ ಮೇಕೆ ಬೇಕು. ಬಣ್ಣಕ್ಕಂತೂ ಇದು ಕಡ್ಡಾಯ: ಬ್ಯಾಡಗಿ ಮೆಣಸಿನಕಾಯಿ ಒಂದನ್ನೇ ಹಿಡಿದು ‘ರೆಡ್’ ಎಂದರೆ ಮಗು ಮೆಣಸಿನಕಾಯಿಗೇ ರೆಡ್ ಎಂದುಕೊಳ್ಳುತ್ತದೆ. ಕೆಂಪು ಮೆಣಸಿನಕಾಯಿ, ಕೆಂಪು ಸೀರೆ, ಕೆಂಪು ಬಕೆಟ್ ಮೂರನ್ನೂ ಸಾಲಾಗಿಡಿ. ದೊಡ್ಡದು ಸಣ್ಣದು, ತುಂಬಿದ್ದು ಖಾಲಿ ಇಂಥವನ್ನು ಜೋಡಿಯಾಗಿಯೇ ತೋರಿಸಬೇಕು, ಅದೂ ಒಂದೇ ವಸ್ತುವಿನದು: ದೊಡ್ಡ ಚೊಂಬು, ಸಣ್ಣ ಚೊಂಬು. ಆನೆ ಮತ್ತು ಇಲಿ ಬೇಡ. ಮಗು ‘ಬಿಗ್’ ಎಂದರೆ ಆನೆ ಎಂದು ತಿಳಿದೀತು.

ಓಡು, ಜಿಗಿ, ಕುಡಿ ಮುಂತಾದ ಕ್ರಿಯೆಗಳಿಗೆ ಚಿತ್ರ ದುರ್ಬಲ. ಮೊದಲು ನೀವೇ ಎದ್ದು ಜಿಗಿದು ‘ಜಂಪ್’ ಎನ್ನಿ, ಮಗುವನ್ನೂ ಜಿಗಿಸಿ. ಎರಡು ದಿನ ಬಿಟ್ಟು ಚಿತ್ರ ತೋರಿಸಿದರೆ ಕಾಲು ತಾನೇ ನೆನಪು ಮಾಡಿಕೊಡುತ್ತದೆ.

ಕಾರ್ಡು ಮಾಡುವುದು

ಎ4 ಹಾಳೆಯನ್ನು ನಾಲ್ಕು ಭಾಗ ಮಾಡಿದರೆ ಸುಮಾರು 10.5 ಸೆಂ.ಮೀ. ಅಗಲ, 15 ಸೆಂ.ಮೀ. ಉದ್ದದ ಕಾರ್ಡು ಬರುತ್ತದೆ. ಅದು ಸರಿಯಾದ ಅಳತೆ. ಇದಕ್ಕಿಂತ ಸಣ್ಣದಾದರೆ ಎರಡನೇ ಮಗುವಿಗೆ ಕಾಣದು. ದಪ್ಪ ಹಾಳೆಗೆ ದುಡ್ಡು ಹಾಕಬೇಕಿಲ್ಲ. ಹಳೆಯ ಲಗ್ನಪತ್ರಿಕೆಗಳ ಹಿಂಬದಿ ಖಾಲಿ ಇರುತ್ತದೆ. ಒಂದು ಸೀಸನ್ನಿನ ಪತ್ರಿಕೆ ಕೂಡಿಸಿದರೆ ವರ್ಷದ ಕಾರ್ಡು ಆಯಿತು. ಆದರೆ ಎಲ್ಲವನ್ನೂ ಒಂದೇ ಅಳತೆಗೆ ಕತ್ತರಿಸಿ, ಮುದ್ರಣವಿರುವ ಬದಿಗೆ ಬಿಳಿ ಹಾಳೆ ಅಂಟಿಸಿ. ಇಲ್ಲದಿದ್ದರೆ ‘ಗಣಪ್ಪನ ಚಿತ್ರದ ಹಿಂದೆ ಇರೋದು ಟ್ಯಾಪ್’ ಎಂದು ಮಗು ಕಲಿತುಬಿಡುತ್ತದೆ.

ಇದು ತಮಾಷೆಯ ಮಾತಲ್ಲ. ಮೂಲೆ ಮಡಚಿದ ಕಾರ್ಡು, ಚಹಾ ಚೆಲ್ಲಿದ ಕಲೆ, ಅಂಟಿನ ಉಂಡೆ ಇವನ್ನು ಮಗು ಚಿತ್ರಕ್ಕಿಂತ ಬೇಗ ಗುರುತು ಹಿಡಿಯುತ್ತದೆ. ಚಿತ್ರದ ಮೇಲೆ ಕೈ ಅಡ್ಡವಿಟ್ಟು ಕಾರ್ಡಿನ ಅಂಚು ಮಾತ್ರ ತೋರಿಸಿ ನೋಡಿ. ಥಟ್ಟನೆ ‘ಸೋಪ್!’ ಎಂದರೆ ಆ ಕಾರ್ಡು ಸತ್ತಿತು, ಹೊಸದು ಮಾಡಿ. ಕಾರ್ಡುಗಳನ್ನು ದಿನಾ ಒಂದೇ ಸಾಲಿನಲ್ಲಿ ತೋರಿಸಿದರೂ ಇದೇ ಗತಿ. ಮಗು ಸಾಲನ್ನು ಬಾಯಿಪಾಠ ಮಾಡಿರುತ್ತದೆ. ಇಸ್ಪೀಟು ಕಲೆಸಿದಂತೆ ಕಲೆಸಿ.

ಲ್ಯಾಮಿನೇಷನ್ ಮಾಡಿಸಿದರೆ ಟ್ಯೂಬ್‌ಲೈಟಿನ ಬೆಳಕು ಬಡಿದು ಚಿತ್ರ ಹೊಳೆಯುತ್ತದೆ, ಎದುರು ಕೂತವರಿಗೆ ಕಾಣುವುದಿಲ್ಲ. ಸೆಲ್ಲೋಟೇಪು ನಮ್ಮ ಬೇಸಿಗೆಗೆ ಬಿಟ್ಟುಕೊಂಡು ಅಂಟಂಟಾಗುತ್ತದೆ. ಬರಿ ದಪ್ಪ ಕಾರ್ಡೇ ವಾಸಿ. ಇನ್ನು ಫ್ಯಾನು: ಅದು ಜೋರಾಗಿದ್ದರೆ ನೆಲದ ಮೇಲಿನ ಕಾರ್ಡುಗಳೆಲ್ಲ ಮೂಲೆ ಸೇರುತ್ತವೆ, ಫ್ಯಾನ್ ಆರಿಸಿದರೆ ಮಗು ಬೆವತು ಮನಸ್ಸು ಕೆಡಿಸಿಕೊಳ್ಳುತ್ತದೆ. ಆರು ಸಣ್ಣ ಕಲ್ಲು ಕಾರ್ಡಿನ ಡಬ್ಬಿಯಲ್ಲೇ ಇರಲಿ. ಬೇಸಿಗೆ ರಜೆಯಲ್ಲಿ ಪಾಠವನ್ನು ಮುಂಜಾನೆ ಏಳಕ್ಕೆ ಇಟ್ಟುಕೊಳ್ಳುವುದು ಇನ್ನೂ ಒಳ್ಳೆಯದು.

ಒಂದು ದಿನಕ್ಕೆ ಎಷ್ಟು ಶಬ್ದ, ಯಾವ ಶಬ್ದ

ದಿನಕ್ಕೆ ಐದು ಕಾರ್ಡು: ಎರಡು ಗೊತ್ತಿರುವವು, ಮೂರು ಹೊಸವು. ವಾರಕ್ಕೆ ನಾಲ್ಕು ದಿನವಾದರೆ 12 ಹೊಸ ಶಬ್ದ. ‘ಇಷ್ಟೇ ಏನ್ರಿ?’ ಎಂದು ಮನೆಯವರು ಕೇಳುತ್ತಾರೆ. ದಿನಕ್ಕೆ 15 ಹೇಳಿಕೊಟ್ಟು ಮರುದಿನ ಎರಡು ಉಳಿಯುವುದಕ್ಕಿಂತ ಇದು ಮೇಲು.

ಐದನ್ನು ಆರಿಸುವುದರಲ್ಲಿ ಒಂದು ಸೂಕ್ಷ್ಮವಿದೆ. ಪುಸ್ತಕಗಳಲ್ಲಿ ತರಕಾರಿಗಳೆಲ್ಲ ಒಂದು ಪುಟ, ಹಣ್ಣುಗಳೆಲ್ಲ ಒಂದು ಪುಟ ಇರುತ್ತವೆ. ಹೊಸ ಶಬ್ದ ಕಲಿಯುವಾಗ ಒಂದೇ ಜಾತಿಯ ಐದು ಹೆಸರು ಒಟ್ಟಿಗೆ ಬಂದರೆ ಒಂದರ ಹೆಸರು ಇನ್ನೊಂದಕ್ಕೆ ಅಂಟಿಕೊಳ್ಳುತ್ತದೆ. ಸೌತೆಗೆ ಕ್ಯಾರೆಟ್, ಕ್ಯಾರೆಟ್‌ಗೆ ಕ್ಯಾಬೇಜ್. ಅದರ ಬದಲು ಒಂದು ಜಾಗದ ಐದು ಶಬ್ದ ತೆಗೆದುಕೊಳ್ಳಿ. ಓಣಿಯ ನಳದ ಹತ್ತಿರ: ಟ್ಯಾಪ್, ಬಕೆಟ್, ವಾಟರ್, ಸೋಪ್, ಗರ್ಲ್. ಒಂದರ ಹಾಗೆ ಇನ್ನೊಂದಿಲ್ಲ, ಮೊದಲ ಸದ್ದೂ ಬೇರೆ ಬೇರೆ, ಆದರೆ ಐದೂ ಸೇರಿ ಒಂದು ಕತೆ. ತರಕಾರಿ ಪುಟವನ್ನು ಆಮೇಲೆ, ಒಂದೊಂದೂ ಗಟ್ಟಿಯಾದ ಮೇಲೆ, ವಿಂಗಡಿಸುವ ಆಟಕ್ಕೆ ಬಳಸಿಕೊಳ್ಳಿ.

20 ನಿಮಿಷದ ಪಾಠ

ಮೊದಲ ನಾಲ್ಕು ನಿಮಿಷ ಹಳೆಯ ಕಾರ್ಡು. ಆಮೇಲೆ ಹೊಸದನ್ನು ಒಂದೊಂದಾಗಿ ನೆಲದ ಮೇಲಿಡುತ್ತ ಹೇಳಿ: ‘ದಿಸ್ ಈಸ್ ಅ ಟ್ಯಾಪ್. ಅ ಟ್ಯಾಪ್.’ ‘ಏ ಟ್ಯಾಪ್’ ಎನ್ನಬೇಡಿ, ಮಾತಿನಲ್ಲಿ ಅದು ‘ಅ’. ಈಗ ಮಗು ಬಾಯಿ ಬಿಡಬೇಕಿಲ್ಲ. ‘ಹೇಳು, ಹೇಳು’ ಎಂದು ಗಂಟುಬೀಳುವುದು ಮೊದಲ ತಪ್ಪು. ಒಂದು ಶಬ್ದ ಆರೇಳು ಸಲ ಕಿವಿಗೆ ಬಿದ್ದ ಮೇಲೆ ನಾಲಗೆಗೆ ಬರಲಿ.

ಇಲ್ಲಿಂದ ನಾಲ್ಕು ಮೆಟ್ಟಿಲು.

1. ‘ಶೋ ಮಿ ದ ಟ್ಯಾಪ್.’ ಮಗು ಬೆರಳಿಟ್ಟು ತೋರಿಸುತ್ತದೆ, ಅಷ್ಟೇ.
2. ‘ಈಸ್ ದಿಸ್ ಅ ಟ್ಯಾಪ್?’ ಬಕೆಟ್ ಹಿಡಿದೂ ಕೇಳಿ. ಮಕ್ಕಳು ನಿಮ್ಮನ್ನು ಮೆಚ್ಚಿಸಲು ಎಲ್ಲದಕ್ಕೂ ‘ಯೆಸ್’ ಎನ್ನುತ್ತಾರೆ. ಐದರಲ್ಲಿ ಮೂರು ಪ್ರಶ್ನೆಗೆ ‘ನೋ’ ಉತ್ತರವಿರಲಿ.
3. ‘ಟ್ಯಾಪ್ ಆರ್ ಬಕೆಟ್?’ ಸರಿಯುತ್ತರ ಒಮ್ಮೆ ಮೊದಲು, ಒಮ್ಮೆ ಕೊನೆಗೆ ಬರಬೇಕು. ಕೊನೆಗೆ ಕೇಳಿದ್ದನ್ನು ಹಾಗೇ ಒಪ್ಪಿಸುವುದು ಮಕ್ಕಳ ಅಭ್ಯಾಸ.
4. ‘ವಾಟ್ ಈಸ್ ದಿಸ್?’

ನಾಲ್ಕನೆಯದನ್ನು ಕೇಳಿ ಮನಸ್ಸಿನಲ್ಲೇ ಒಂದರಿಂದ ಐದು ಎಣಿಸಿ. ಈ ಐದು ಎಣಿಕೆ ಹೊಸಬರಿಗೆ ಬಹಳ ಕಷ್ಟ. ಎರಡಕ್ಕೇ ಬಾಯಿ ತಡೆಯದೆ ಉತ್ತರ ತಾವೇ ಹೇಳಿಬಿಡುತ್ತಾರೆ. ಐದಾದರೂ ಬರದಿದ್ದರೆ ಉತ್ತರ ಹೇಳಬೇಡಿ, ಮೂರನೇ ಮೆಟ್ಟಿಲಿಗೆ ಇಳಿಯಿರಿ: ‘ಸೋಪ್ ಆರ್ ಟ್ಯಾಪ್?’ ಅಲ್ಲೂ ಎಡವಿದರೆ ಮೊದಲನೆಯದಕ್ಕೆ. ತಪ್ಪು ಹೇಳಿದರೆ ‘ತಪ್ಪು’ ಎನ್ನದೆ ‘ಇಟ್ಸ್ ಅ ಟ್ಯಾಪ್’ ಎಂದು ಹೇಳಿ, ಎರಡು ಕಾರ್ಡು ಬಿಟ್ಟು ಮತ್ತೆ ಅದನ್ನೇ ತನ್ನಿ.

ಪಕ್ಕದಲ್ಲಿ ಕೂತ ತಾಯಿ ‘ನಳ ಅಲ್ಲೇನೋ ಅದು!’ ಎಂದು ಸೂಚನೆ ಕೊಡುತ್ತಿರುತ್ತಾರೆ. ಬೇಡ ಎಂದರೆ ಬೇಸರ. ಕಾರ್ಡು ಕಲೆಸುವ ಕೆಲಸ ಅವರಿಗೇ ಕೊಟ್ಟುಬಿಡಿ.

ಕನ್ನಡ ಬಳಸಲೇಬಾರದೇ? ಹಾಗೇನಿಲ್ಲ. ಆಟದ ನಿಯಮ, ಸಮಾಧಾನ, ಶಹಬ್ಬಾಸ್‌ಗಿರಿ ಎಲ್ಲ ಕನ್ನಡದಲ್ಲೇ ಇರಲಿ. ಆದರೆ ‘ಟ್ಯಾಪ್ ಅಂದ್ರ ನಳ, ಬಕೆಟ್ ಅಂದ್ರ ಬಕೇಟು’ ಎಂದು ಪ್ರತಿ ಕಾರ್ಡಿಗೂ ಅರ್ಥ ಹೇಳಿದರೆ ಮಗು ಅರ್ಥಕ್ಕೆ ಕಾಯುತ್ತದೆ, ಚಿತ್ರ ನೋಡುವುದಿಲ್ಲ. ಚಿತ್ರದಿಂದ ತಿಳಿಯದ ಶಬ್ದವಾದರೆ ಕನ್ನಡದಲ್ಲಿ ಒಮ್ಮೆ ಹೇಳಿ ಮುಂದೆ ಹೋಗಿ. ಅದಕ್ಕೆ ಹತ್ತು ನಿಮಿಷ ಮೂಕಾಭಿನಯ ಮಾಡುವುದು ಹಟವೇ ಹೊರತು ಪಾಠವಲ್ಲ.

ಕೊನೆಯ ಮೂರು ನಿಮಿಷ ಮಗು ಎದ್ದು ಓಡಾಡಲಿ. ಕಾರ್ಡುಗಳನ್ನು ಗೋಡೆಗೆ ಒರಗಿಸಿಡಿ, ‘ಬ್ರಿಂಗ್ ಮಿ ದ ಸೋಪ್’ ಎನ್ನಿ.

ನಾಲಗೆ ಎಡವುವ ಜಾಗ

ಕನ್ನಡದ ಶಬ್ದಗಳು ಹೆಚ್ಚಾಗಿ ಸ್ವರದಲ್ಲಿ ಮುಗಿಯುತ್ತವೆ. ಅದಕ್ಕೇ ಬಸ್ಸು, ಲೈಟು, ಸೋಪು. ಗೊತ್ತಿರುವ ಎರಡು ಕಾರ್ಡು ದಿನಾ ಇಡುವುದು ಈ ಬಾಲ ಕತ್ತರಿಸಲಿಕ್ಕೇ. ಶಬ್ದ ಹೇಳುತ್ತ ಅಂಗೈಯನ್ನು ಕತ್ತಿಯ ಹಾಗೆ ಕೆಳಗಿಳಿಸಿ, ಕೈ ನೆಲ ಮುಟ್ಟಿದ್ದೇ ಸದ್ದು ನಿಲ್ಲಬೇಕು: ‘ಸೋಪ್’. ತುಟಿ ಮುಚ್ಚಿಯೇ ಇರಲಿ, ತೆರೆದರೆ ‘ಉ’ ಜಾರಿ ಬೀಳುತ್ತದೆ.

ಎರಡನೆಯದು ‘ಯೆಗ್’, ‘ಯೆಲಿಫೆಂಟ್’. ನಾವು ‘ಎಲೆ’ ಎನ್ನುವುದನ್ನೇ ‘ಯಲಿ’ ಎನ್ನುವವರು. ಇದಕ್ಕೆ ಸುಲಭ ಮದ್ದು ‘ಆ್ಯನ್’. ‘ಎಗ್’ ಒಂದನ್ನೇ ಹೇಳಿಸಬೇಡಿ, ‘ಅನೆಗ್’ ಎಂದು ಕೂಡಿಸಿ ಹೇಳಿಸಿ. ನಕಾರ ಬಂದು ಎಕಾರಕ್ಕೆ ಅಂಟಿಕೊಂಡರೆ ಯಕಾರಕ್ಕೆ ಜಾಗವೇ ಉಳಿಯುವುದಿಲ್ಲ. ವ್ಯಾಕರಣವೂ ಹೇಳದೆ ಕಲಿತಂತಾಯಿತು.

ವ್ಯಾನ್ ಮತ್ತು ವಾಟರ್ ನಮಗೆ ಒಂದೇ ವಕಾರ. ವಾಟರ್‌ಗೆ ಒಲೆ ಊದುವ ಹಾಗೆ ತುಟಿ ದುಂಡಗೆ. ವ್ಯಾನ್‌ಗೆ ಮೇಲ್ಹಲ್ಲು ಕೆಳತುಟಿಯ ಮೇಲೆ. ಸಣ್ಣ ಕನ್ನಡಿಯೊಂದು ಕೈಗೆ ಕೊಟ್ಟರೆ ಮಕ್ಕಳು ತಾವೇ ನೋಡಿಕೊಂಡು ತಿದ್ದಿಕೊಳ್ಳುತ್ತಾರೆ. ‘ಕ್ಯಾಟ್’ ಎನ್ನುವಾಗ ನುಸುಳುವ ಯಕಾರ ತೆಗೆಯಲು ಮೊದಲು ಆ್ಯಪಲ್, ಆ್ಯಂಟ್, ಆ್ಯಕ್ಸ್ ಹೇಳಿಸಿ, ಆಮೇಲೆ ಮುಂದೆ ಕಕಾರ ಸೇರಿಸಿ. ಇವಿಷ್ಟನ್ನೂ ಒಂದೇ ವಾರ ತಿದ್ದಲು ಹೋದರೆ ಮಗು ಬಾಯಿ ಮುಚ್ಚಿ ಕೂರುತ್ತದೆ. ವಾರಕ್ಕೊಂದು ಸದ್ದು ಸಾಕು.

ಒಂದಕ್ಕೆ ಎರಡು, ಎರಡಕ್ಕೆ ಒಂದು

ಗಂಗಾವತಿ, ಸಿಂಧನೂರು ಕಡೆಯ ಮಗುವಿಗೆ ನೆಲ್ಲು, ಅಕ್ಕಿ, ಅನ್ನ ಮೂರೂ ಬೇರೆ. ಇಂಗ್ಲಿಷಿನಲ್ಲಿ ನೆಲ್ಲು ‘ಪ್ಯಾಡಿ’, ಉಳಿದೆರಡೂ ‘ರೈಸ್’. ಅನ್ನದ ಚಿತ್ರಕ್ಕೆ ರೈಸ್ ಎಂದು ಕಲಿತ ಮಗು ಅಕ್ಕಿಯ ಚಿತ್ರ ನೋಡಿ ತಡವರಿಸಿದರೆ ಅದು ದಡ್ಡತನವಲ್ಲ, ಕನ್ನಡದ ಜಾಣತನ. ಇದಕ್ಕೆ ಕಾರ್ಡಿಗಿಂತ ಮೂರು ತಟ್ಟೆ ವಾಸಿ: ಒಂದು ಮುಷ್ಟಿ ನೆಲ್ಲು, ಒಂದು ಮುಷ್ಟಿ ಅಕ್ಕಿ, ಒಂದು ತುತ್ತು ಅನ್ನ. ಎರಡು ತಟ್ಟೆಯನ್ನು ಒಂದೆಡೆ ಸರಿಸಿ ‘ರೈಸ್’, ಒಂದನ್ನು ಇನ್ನೊಂದೆಡೆ ಸರಿಸಿ ‘ಪ್ಯಾಡಿ’.

ಇದರ ಉಲ್ಟಾ ಕೈಕಾಲುಗಳದು. ನಮಗೆ ಭುಜದಿಂದ ಬೆರಳತುದಿಯವರೆಗೂ ಕೈ. ಇಂಗ್ಲಿಷಿನವರಿಗೆ ಮಣಿಕಟ್ಟಿನ ಮೇಲೆ ‘ಆರ್ಮ್’, ಕೆಳಗೆ ‘ಹ್ಯಾಂಡ್’. ಕಾಲಿಗೂ ಹಾಗೆಯೇ ‘ಲೆಗ್’, ‘ಫುಟ್’. ಬೆರಳಿಗೆ ಕೈಯದಾದರೆ ‘ಫಿಂಗರ್’, ಕಾಲಿನದಾದರೆ ‘ಟೋ’. ಬಾಣದ ಗುರುತು ಹಾಕಿದರೆ ತಿಳಿಯುವುದಿಲ್ಲ. ಒಂದೇ ಹುಡುಗನ ಚಿತ್ರ ಎರಡು ಸಲ ಬರೆದು, ಒಂದರಲ್ಲಿ ಮಣಿಕಟ್ಟಿನವರೆಗೆ ಮಾತ್ರ, ಇನ್ನೊಂದರಲ್ಲಿ ಅಂಗೈ ಮಾತ್ರ ಬಣ್ಣ ತುಂಬಿ.

ರೈಸ್, ವಾಟರ್, ಮಿಲ್ಕ್, ಸಾಲ್ಟ್ ಇವಕ್ಕೆ ಮುಂದೆ ‘ಅ’ ಇಲ್ಲ. ಕಾರ್ಡಿನ ಅಂಚಿಗೆ ನೀಲಿ ಗೆರೆ ಎಳೆದಿಡಿ. ನೀಲಿ ಕಂಡರೆ ‘ದಿಸ್ ಈಸ್ ವಾಟರ್’. ಇನ್ನೊಂದು ಮಾತು: ನಮ್ಮಲ್ಲಿ ‘ಕರೆಂಟ್ ಹೋಯ್ತು’, ‘ಪೆಟ್ರೋಲ್ ಬಂಕ್’ ಎನ್ನುವ ಬಳಕೆ ಬೇರೆ ದೇಶದ ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ಇಲ್ಲ. ಇವನ್ನು ಗೊತ್ತಿರುವ ಗುಂಪಿಗೆ ಸೇರಿಸಬೇಡಿ. ಬದನೆಕಾಯಿಗೆ ಪಠ್ಯದಲ್ಲಿ ‘ಬ್ರಿಂಜಾಲ್’, ಫೋನಿನ ವಿಡಿಯೊದಲ್ಲಿ ‘ಎಗ್‌ಪ್ಲಾಂಟ್’ ಬಂದರೆ ಪಠ್ಯದ್ದನ್ನೇ ಹಿಡಿಯಿರಿ.

ಮೂರು ಖಾನೆಯ ಡಬ್ಬಿ

ಮರೆಯುವುದನ್ನು ತಡೆಯಲು ಚಪ್ಪಲಿ ಡಬ್ಬಿಯೊಂದನ್ನು ರಟ್ಟಿನಿಂದ ಮೂರು ಖಾನೆ ಮಾಡಿ. ಜರ್ಮನಿಯ ಸೆಬಾಸ್ಟಿಯನ್ ಲೈಟ್ನರ್ 1972ರಲ್ಲಿ ಬರೆದಿಟ್ಟ ಉಪಾಯದ ಚಿಕ್ಕ ರೂಪ ಇದು. ಹೊಸ ಕಾರ್ಡು ಮೊದಲ ಖಾನೆಗೆ, ಅದನ್ನು ಪಾಠದ ದಿನವೆಲ್ಲ ಕೇಳಬೇಕು. ನಾಲ್ಕನೇ ಮೆಟ್ಟಿಲಿನ ಪ್ರಶ್ನೆಗೆ ಎರಡು ದಿನ ಸರಿಯಾಗಿ ಹೇಳಿದರೆ ಎರಡನೇ ಖಾನೆಗೆ, ಅದು ಮೂರು ದಿನಕ್ಕೊಮ್ಮೆ. ಅಲ್ಲೂ ಎರಡು ಸಲ ಗೆದ್ದರೆ ಮೂರನೆಯದಕ್ಕೆ, ಅದು ಶನಿವಾರಕ್ಕೊಮ್ಮೆ. ಎಲ್ಲಿ ತಪ್ಪಿದರೂ ಕಾರ್ಡು ಮರಳಿ ಮೊದಲ ಖಾನೆಗೆ. ಮೊದಲ ಖಾನೆಯಲ್ಲಿ 15ಕ್ಕಿಂತ ಹೆಚ್ಚು ಕೂಡಿದ ದಿನ ಹೊಸ ಶಬ್ದ ನಿಲ್ಲಿಸಿ. ಹಳೆ ಸಾಲ ತೀರಲಿ.

ಅಕ್ಷರ ಯಾವಾಗ? ಕಾರ್ಡು ಎರಡನೇ ಖಾನೆ ತಲುಪಿದ ಮೇಲೆ. ಚಿತ್ರದ ಕೆಳಗೇ ಶಬ್ದ ಬರೆದರೆ ಮಗು ಚಿತ್ರ ನೋಡಿ ಹೇಳುತ್ತದೆ, ಅಕ್ಷರದ ಕಡೆ ಕಣ್ಣೇ ಹಾಯಿಸುವುದಿಲ್ಲ. ನೀವು ‘ಓದಿತು’ ಎಂದು ಹಿಗ್ಗುತ್ತೀರಿ. ಬೇರೆ ಚೀಟಿಯಲ್ಲಿ, ದೊಡ್ಡಕ್ಷರ ಬೇಡ, ಸಣ್ಣಕ್ಷರದಲ್ಲಿ ಬರೆದು ಚಿತ್ರಕ್ಕೆ ಜೋಡಿ ಹುಡುಕಿಸಿ. ಪುಸ್ತಕದ ತುಂಬ ಇರುವುದು ಸಣ್ಣಕ್ಷರವೇ.

ದೊಡ್ಡ ಚಿತ್ರ

60 ಕಾರ್ಡು ಮೂರನೇ ಖಾನೆ ಸೇರಿದ ಮೇಲೆ ಒಂದೇ ವಸ್ತುವಿನ ಚಿತ್ರ ಬಿಟ್ಟು ಗದ್ದಲದ ಚಿತ್ರಕ್ಕೆ ಬನ್ನಿ: ಸಂತೆ, ಬಸ್ ನಿಲ್ದಾಣ, ಕಾಲುವೆ ದಂಡೆಯ ನಾಟಿ, ಕೊಪ್ಪಳದ ಗವಿಮಠದ ಜಾತ್ರೆ. ಪೂರ್ತಿ ಚಾರ್ಟ್ ಶೀಟಿನಲ್ಲಿ, ಮಗುವಿಗೆ ಗೊತ್ತಿರುವ 15 ವಸ್ತು, ಗೊತ್ತಿಲ್ಲದ ಮೂರು. ‘ಐ ಸೀ ಅ ಬಸ್’ ಎಂದು ನೀವು, ‘ಐ ಸೀ ಅ ಗೋಟ್’ ಎಂದು ಮಗು, ಸರದಿಯಂತೆ. ಹೇಳಿದ್ದರ ಮೇಲೊಂದು ಕಡಲೆಕಾಳು ಇಡಿ. ಯಾರಿಗೆ ಹೇಳಲು ಏನೂ ಉಳಿಯುವುದಿಲ್ಲವೋ ಅವರು ಸೋತರು. ಗೊತ್ತಿಲ್ಲದ ಮೂರನ್ನು ಮಗು ಆಗ ತಾನಾಗಿಯೇ ಕೇಳುತ್ತದೆ: ‘ಅಕ್ಕಾ, ಇದಕ್ಕೇನಂತಾರ?’ ಗೆಲ್ಲಬೇಕಲ್ಲ.

ಎರಡನೇ ಸುತ್ತಿನಲ್ಲಿ ಕಾರ್ಡಿನ ಡಬ್ಬಿ ಮಗುವಿನ ಕೈಗೆ ಕೊಟ್ಟು ನೀವು ಎದುರು ಕೂರಿ. ಅದು ಕೇಳಲಿ, ನೀವು ಹೇಳಿ. ನಾಲ್ಕಕ್ಕೊಂದು ಬೇಕೆಂದೇ ತಪ್ಪಾಗಿ ಹೇಳಿ. ಮೇಕೆಯ ಕಾರ್ಡಿಗೆ ‘ಬಕೆಟ್’ ಎಂದಾಗ ಮಗು ನಗದೆ, ನಿಮ್ಮ ಹಾಗೆಯೇ ‘ಗೋಟ್ ಆರ್ ಬಕೆಟ್?’ ಎಂದು ಕೇಳಿದರೆ ಆ ಕಾರ್ಡನ್ನು ಡಬ್ಬಿಯಿಂದ ತೆಗೆದಿಡಬಹುದು.